ಹಿಮದ ಹಾದಿಗೆ ಫ್ಯಾಟ್ ಬೈಕ್: ಮೈಸೂರು, ಮಂಡ್ಯದ ಸವಾರರು ಅನುಸರಿಸಬೇಕಾದ ಕ್ರಮ

ಫ್ಯಾಟ್ ಬೈಕಿನಂತೆ ನಾಲ್ಕು ಇಂಚು ಅಗಲದ ಟೈರು ಇದ್ದರೆ ಸೈಕಲ್ಲು ಹಿಮದ ಮೇಲೆ ತಾನಾಗಿಯೇ ಓಡುತ್ತದೆ ಎಂದು ನಂಬಿ ಮೈಸೂರು, ಮಂಡ್ಯ ಕಡೆಯಿಂದ ಹಿಮಾಚಲಕ್ಕೆ ಹೋಗುವವರು ಹೆಚ್ಚಾಗಿ ಒಂದೇ ರೀತಿಯಲ್ಲಿ ಸೋಲುತ್ತಾರೆ. ಮುಂದಿನ ಚಕ್ರ ಹಿಮದೊಳಗೆ ಹೂತು ಪಕ್ಕಕ್ಕೆ ತಿರುಗುತ್ತದೆ, ಹಿಂದಿನ ಚಕ್ರ ನಿಂತಲ್ಲೇ ಸುತ್ತುತ್ತದೆ, ಅರ್ಧ ಗಂಟೆ ಕಳೆಯುವುದರೊಳಗೆ ಬೆರಳುಗಳು ಮರಗಟ್ಟುತ್ತವೆ, ಆಮೇಲೆ ಸೈಕಲ್ಲನ್ನು ತಳ್ಳಿಕೊಂಡು ಹಿಂದಿರುಗುವುದೊಂದೇ ಉಳಿಯುತ್ತದೆ. ಈ ತೊಂದರೆಯಲ್ಲಿ ಬಹುಪಾಲು ಟೈರಿನ ಗಾಳಿಯಿಂದ ಹುಟ್ಟುತ್ತದೆ, ಉಳಿದದ್ದು ಮೈಮೇಲಿನ ಬಟ್ಟೆಯಿಂದ. ಎರಡನ್ನೂ ಊರಿನಲ್ಲೇ, ನಾಲೆ ಏರಿಯ ಮೇಲೂ ಹೊಳೆಯ ಮರಳಿನಲ್ಲೂ ತಿದ್ದಿಕೊಳ್ಳಬಹುದು.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಬೇಕು, ಏಕೆಂದರೆ ಹಿಂದಿನ ಹಂತದಲ್ಲಿ ಕಲಿತದ್ದು ಮುಂದಿನದಕ್ಕೆ ಬೇಕಾಗುತ್ತದೆ. ಎಲ್ಲಕ್ಕೂ ಸೇರಿ ಆರರಿಂದ ಎಂಟು ವಾರ ಕೈಯಲ್ಲಿರಲಿ. ಜನವರಿ ಕೊನೆಯಲ್ಲಿ ಹೊರಡುವವರು ಡಿಸೆಂಬರ್ ಮೊದಲ ವಾರದಲ್ಲಾದರೂ ಶುರು ಮಾಡಬೇಕು.

ಹಂತ 1: ಸೈಕಲ್ಲನ್ನು ಪರೀಕ್ಷಿಸುವುದು

ನಮ್ಮ ಕಡೆಯ ಅಂಗಡಿಗಳಲ್ಲಿ ಸಿಗುವ ಕಡಿಮೆ ಬೆಲೆಯ ಫ್ಯಾಟ್ ಬೈಕುಗಳು ಸಾಮಾನ್ಯವಾಗಿ ಉಕ್ಕಿನ ಚೌಕಟ್ಟು, 26 ಇಂಚಿನ ಚಕ್ರ, 4 ಇಂಚಿನ ಟೈರು ಮತ್ತು ತಂತಿಯಿಂದ ಎಳೆಯುವ ಡಿಸ್ಕ್ ಬ್ರೇಕ್ ಹೊಂದಿರುತ್ತವೆ. ತೂಕ ಹೆಚ್ಚು ಎಂಬುದನ್ನು ಬಿಟ್ಟರೆ ಹದವಾಗಿ ತುಳಿದು ಗಟ್ಟಿಯಾದ ಹಿಮಕ್ಕೆ ಇಷ್ಟು ಸಾಕಾಗುತ್ತದೆ. ತಂತಿಯ ಬ್ರೇಕು ಚಳಿಯಲ್ಲಿ ಒಂದು ಅನುಕೂಲವೂ ಹೌದು: ಮಿನರಲ್ ಆಯಿಲ್ ತುಂಬಿದ ಹೈಡ್ರಾಲಿಕ್ ಬ್ರೇಕು ತೀವ್ರ ಚಳಿಯಲ್ಲಿ ಎಣ್ಣೆ ಮಂದವಾಗಿ ನಿಧಾನವಾಗುತ್ತದೆ, ತಂತಿಗೆ ಆ ತೊಂದರೆಯಿಲ್ಲ. ಆದರೆ ಟೈರು 3.8 ಇಂಚಿಗಿಂತ ಕಿರಿದಾಗಿದ್ದರೆ ಹಿಮದ ಯೋಚನೆಯನ್ನು ಬಿಡುವುದು ಒಳ್ಳೆಯದು. ಮೂರು ಇಂಚಿನ ಟೈರನ್ನೂ ಫ್ಯಾಟ್ ಎಂದು ಕರೆದು ಮಾರುವುದುಂಟು, ಅದು ಮೆದು ಹಿಮದಲ್ಲಿ ಹೂತುಹೋಗುತ್ತದೆ.

ಪರೀಕ್ಷೆಯಲ್ಲಿ ಮೊದಲು ನೋಡಬೇಕಾದದ್ದು ಸರಪಳಿ ಮತ್ತು ಟೈರಿನ ನಡುವಿನ ಅಂತರ. ಮುಂದಿನ ಚಿಕ್ಕ ಹಲ್ಲುಚಕ್ರ ಮತ್ತು ಹಿಂದಿನ ದೊಡ್ಡ ಹಲ್ಲುಚಕ್ರದ ಮೇಲೆ ಸರಪಳಿ ಹಾಕಿ, ಹಿಂದಿನ ಚಕ್ರವನ್ನು ಎತ್ತಿ ತಿರುಗಿಸಿ. ಸರಪಳಿ ಟೈರಿನ ಮೇಲ್ಮೈಯ ರಬ್ಬರ್ ಗುಬ್ಬಿಗಳಿಗೆ ತಗುಲುವ ಸದ್ದು ಬಂದರೆ ಹಿಮದಲ್ಲಿ ಅತ್ಯಂತ ಅಗತ್ಯವಾದ ಗೇರೇ ನಿಮಗೆ ಸಿಗುವುದಿಲ್ಲ, ಆದ್ದರಿಂದ ಮೆಕ್ಯಾನಿಕ್ ಬಳಿ ಚಕ್ರವನ್ನು ಮಧ್ಯಕ್ಕೆ ತರಿಸಿ.

ಫ್ಯಾಟ್ ಬೈಕಿನ ಎರಡು ಪೆಡಲುಗಳ ನಡುವಿನ ಅಂತರ ಸಾಮಾನ್ಯ ಸೈಕಲ್ಲಿಗಿಂತ ಹೆಚ್ಚು. ಮೊದಲ ವಾರಗಳಲ್ಲಿ ಮಂಡಿಯ ಹೊರಬದಿಯಲ್ಲಿ ನೋವು ಕಾಣಿಸಿಕೊಂಡರೆ ಸೀಟನ್ನು ಅರ್ಧ ಸೆಂಟಿಮೀಟರಿನಷ್ಟು ತಗ್ಗಿಸಿ ನೋಡಿ, ದೂರವನ್ನೂ ಕಡಿಮೆ ಮಾಡಿ. ನೋವನ್ನು ಸಹಿಸಿಕೊಂಡು ತುಳಿಯುವುದು ಬೇಡ.

ಇನ್ನೊಂದು ಮಾತು. ಮೋಟಾರ್ ಬೈಕಿನಂತೆಯೇ ಸೈಕಲ್ಲನ್ನೂ ವಾಟರ್ ಸರ್ವೀಸಿಗೆ ಬಿಟ್ಟು ಜೋರು ನೀರಿನಲ್ಲಿ ತೊಳೆಸುವ ಅಭ್ಯಾಸ ನಮ್ಮಲ್ಲಿದೆ. ಆ ನೀರು ಗೇರು ಮತ್ತು ಬ್ರೇಕಿನ ತಂತಿಯ ಹೊದಿಕೆಯೊಳಗೆ, ಚಕ್ರದ ನಡುವಿನ ಹಬ್ಬಿನೊಳಗೆ ಸೇರಿ ಉಳಿಯುತ್ತದೆ. ಊರಿನಲ್ಲಿ ಇದರಿಂದ ತುಕ್ಕು ಮಾತ್ರ ಬರುತ್ತದೆ, ಸೊನ್ನೆಗಿಂತ ಕೆಳಗಿನ ಚಳಿಯಲ್ಲಾದರೋ ಒಳಗಿನ ನೀರು ಹೆಪ್ಪುಗಟ್ಟಿ ಗೇರು ಬದಲಾಗುವುದೇ ನಿಂತುಹೋಗುತ್ತದೆ. ಹೊರಡುವ ಮೊದಲು ತಂತಿ ಮತ್ತು ಹೊದಿಕೆಗಳನ್ನು ಹೊಸದಾಗಿ ಹಾಕಿಸಿ, ಫ್ರೀವೀಲಿಗೆ ದಪ್ಪ ಗ್ರೀಸಿನ ಬದಲು ತೆಳು ಎಣ್ಣೆ ಬಿಡಿಸಿ. ಗ್ರೀಸು ಗಟ್ಟಿಯಾದರೆ ಫ್ರೀವೀಲಿನ ಒಳಗಿನ ಕೊಕ್ಕೆಗಳು ಹಿಡಿಯದೆ, ಎಷ್ಟು ತುಳಿದರೂ ಪೆಡಲು ಸುಮ್ಮನೆ ತಿರುಗುತ್ತದೆ.

ಹಂತ 2: ಉಪಕರಣಗಳನ್ನು ಜೋಡಿಸಿಕೊಳ್ಳುವುದು

ಖರ್ಚು ಮಾಡಲೇಬೇಕಾದ ಒಂದು ವಸ್ತುವಿದ್ದರೆ ಅದು ಕಡಿಮೆ ಒತ್ತಡವನ್ನು ಅಳೆಯುವ ಗೇಜು. ಅಂಗಡಿಗಳಲ್ಲಿರುವ ನಿಲುವು ಪಂಪಿನ ಮುಳ್ಳು, ಚದರ ಇಂಚಿಗೆ ಇಷ್ಟು ಪೌಂಡು ಎಂದು ಗಾಳಿಯ ಒತ್ತಡವನ್ನು ಹೇಳುವ ಪಿಎಸ್‌ಐ ಲೆಕ್ಕದಲ್ಲಿ, 160 ಪಿಎಸ್‌ಐವರೆಗೆ ಓಡುತ್ತದೆ, ಅದರ ಮೊದಲ ಗೀಟಿನೊಳಗೇ ನಮ್ಮ ಇಡೀ ವ್ಯವಹಾರ ಮುಗಿಯುತ್ತದೆ. 5 ಮತ್ತು 8 ಪಿಎಸ್‌ಐ ನಡುವೆ ಹಿಮದಲ್ಲಿ ಅಜಗಜಾಂತರವಿದೆ, ಆ ಪಂಪಿನ ಮೇಲೆ ಎರಡೂ ಒಂದೇ ಜಾಗದಲ್ಲಿ ಕಾಣುತ್ತವೆ. 15 ಅಥವಾ 30 ಪಿಎಸ್‌ಐವರೆಗೆ ಮಾತ್ರ ಅಳೆಯುವ, ಅರ್ಧ ಪಿಎಸ್‌ಐ ವ್ಯತ್ಯಾಸವನ್ನೂ ತೋರಿಸುವ ಗೇಜನ್ನು ಕೊಳ್ಳಿ. ಕೊಳ್ಳುವಾಗ ನಿಮ್ಮ ಟ್ಯೂಬಿನ ವಾಲ್ವು ಸ್ಕೂಟರಿನದರಂತೆ ದಪ್ಪವೋ, ತುದಿಯ ತಿರುಪು ಸಡಿಲಿಸಿ ಗಾಳಿ ತುಂಬುವ ತೆಳು ಬಗೆಯದೋ ಎಂದು ನೋಡಿಕೊಂಡು ಅದಕ್ಕೆ ಹೊಂದುವುದನ್ನೇ ಆರಿಸಿ.

ಉಳಿದವು ಸುಲಭವಾಗಿ ಸಿಗುತ್ತವೆ. ಒಮ್ಮೆಗೆ ಹೆಚ್ಚು ಗಾಳಿ ತಳ್ಳುವ ಕೈಪಂಪು, ಫ್ಯಾಟ್ ಟೈರಿನ ಅಳತೆಯದೇ ಆದ ಎರಡು ಟ್ಯೂಬುಗಳು, ಟೈರ್ ಲಿವರ್, ಅಲೆನ್ ಕೀ, ಸರಪಳಿ ಬಿಚ್ಚುವ ಸಾಧನ, ತಲೆಗೆ ಕಟ್ಟುವ ದೀಪ, ಒಂದು ಸೀಟಿ ಇಷ್ಟಿರಲಿ. ಸಣ್ಣ ರೋಡ್ ಬೈಕ್ ಪಂಪಿನಿಂದ ಫ್ಯಾಟ್ ಟೈರು ತುಂಬಿಸಲು ಹೋದರೆ ಕೈ ಸೋಲುತ್ತದೆ, ಟೈರು ತುಂಬುವುದಿಲ್ಲ. ಪೆಡಲು ಅಗಲವಾದ ಚಪ್ಪಟೆ ಪೆಡಲೇ ಆಗಿರಬೇಕು. ಬೂಟಿಗೆ ಸಿಕ್ಕಿಕೊಳ್ಳುವ ಕ್ಲಿಪ್ ಪೆಡಲುಗಳಲ್ಲಿ ಹಿಮ ತುಂಬಿಕೊಳ್ಳುತ್ತದೆ, ತುರ್ತಿನಲ್ಲಿ ಕಾಲು ಬಿಡಿಸಿಕೊಳ್ಳುವುದು ಕಷ್ಟವಾಗುತ್ತದೆ.

ಹಂತ 3: ಗಾಳಿಯ ಒತ್ತಡವನ್ನು ಕಲಿಯುವುದು

ಈ ಹಂತಕ್ಕೆ ಕನಿಷ್ಠ ಎರಡು ವಾರ ಕೊಡಿ. ಟೈರಿನ ಬದಿಯಲ್ಲಿ ಅಚ್ಚಾಗಿರುವ 20 ಅಥವಾ 30 ಪಿಎಸ್‌ಐ ಎಂಬ ಸಂಖ್ಯೆ ಆ ಟೈರು ತಡೆಯಬಲ್ಲ ಗರಿಷ್ಠ ಮಿತಿ. ಅದನ್ನು ಶಿಫಾರಸು ಎಂದು ಓದಿ ಅಷ್ಟನ್ನೇ ತುಂಬಿಸುವುದು ಎಲ್ಲರೂ ಮಾಡುವ ಮೊದಲ ತಪ್ಪು. ಪೆಟ್ರೋಲ್ ಬಂಕಿನಲ್ಲಿ ಗಾಳಿ ಹೊಡೆಸುವುದು ಎರಡನೆಯದು. ಅಲ್ಲಿನ ಯಂತ್ರ ಕಾರು, ಲಾರಿಗಳ ಒತ್ತಡಕ್ಕೆ ಹೊಂದಿಸಿದ್ದು, ಕಣ್ಣು ಮಿಟುಕಿಸುವುದರೊಳಗೆ ಮಿತಿ ದಾಟಿಬಿಡುತ್ತದೆ.

ಸುಮಾರು 70 ಕಿಲೋ ತೂಕದ ಸವಾರ, 4 ಇಂಚಿನ ಟೈರು ಎಂದುಕೊಂಡು ಆರಂಭದ ಲೆಕ್ಕವನ್ನು ಹೀಗಿಟ್ಟುಕೊಳ್ಳಬಹುದು: ಡಾಂಬರು ರಸ್ತೆಗೆ 15ರಿಂದ 20, ನಾಲೆ ಏರಿಯಂಥ ಗಟ್ಟಿ ಮಣ್ಣಿಗೆ 10ರಿಂದ 12, ತುಳಿದು ಗಟ್ಟಿಯಾದ ಹಿಮಕ್ಕೆ 6ರಿಂದ 8, ಒಣ ಮರಳು ಮತ್ತು ಮೆದು ಹಿಮಕ್ಕೆ 4ರಿಂದ 6 ಪಿಎಸ್‌ಐ. ಹಿಂದಿನ ಚಕ್ರದ ಮೇಲೆ ಭಾರ ಹೆಚ್ಚಿರುವುದರಿಂದ ಅಲ್ಲಿ ಮುಂದಿನದಕ್ಕಿಂತ ಒಂದು ಪಿಎಸ್‌ಐ ಹೆಚ್ಚಿಡಿ. ದೇಹದ ತೂಕ ಹೆಚ್ಚಿದ್ದವರು ಒಂದೆರಡು ಪಿಎಸ್‌ಐ ಏರಿಸಿಕೊಳ್ಳಬೇಕು. ಈ ಸಂಖ್ಯೆಗಳು ಶುರು ಮಾಡುವುದಕ್ಕೆ ಮಾತ್ರ, ಸರಿಯಾದುದನ್ನು ನೆಲವೇ ಹೇಳಬೇಕು.

ನೆಲ ಹೇಳುವುದನ್ನು ಓದುವ ಬಗೆ ಹೀಗಿದೆ. ಸ್ವಲ್ಪ ತೇವವಿರುವ ಮಣ್ಣಿನಲ್ಲಿ 15 ಪಿಎಸ್‌ಐಗೆ ಇಪ್ಪತ್ತು ಮೀಟರು ತುಳಿದು, ಇಳಿದು, ಬಾಗಿ ಜಾಡನ್ನು ನೋಡಿ. ನಡುವಿನ ಎರಡು ಮೂರು ಸಾಲು ಗುಬ್ಬಿಗಳ ಗುರುತಷ್ಟೇ ಆಳವಾಗಿ ಬಿದ್ದಿರುತ್ತದೆ, ಅಂಚಿನವು ನೆಲಕ್ಕೆ ತಾಗಿಯೇ ಇರುವುದಿಲ್ಲ. ಈಗ ಗಾಳಿಯನ್ನು ಎರಡೆರಡು ಪಿಎಸ್‌ಐ ಇಳಿಸುತ್ತಾ, ಪ್ರತಿ ಸಲವೂ ಹೊಸ ಜಾಡು ಬಿಡುತ್ತಾ ಬನ್ನಿ. ಯಾವ ಒತ್ತಡದಲ್ಲಿ ಅಂಚಿನ ಗುಬ್ಬಿಗಳೂ ತೆಳುವಾಗಿ ಮೂಡುತ್ತವೆಯೋ, ಜಾಡಿನ ಆಳ ಕಡಿಮೆಯಾಗಿ ಅಗಲ ಹೆಚ್ಚುತ್ತದೆಯೋ, ಅದು ಆ ನೆಲಕ್ಕೂ ನಿಮ್ಮ ತೂಕಕ್ಕೂ ಹೊಂದುವ ಒತ್ತಡ. ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಒತ್ತಡ ಅತಿಯಾಗಿ ಇಳಿದಾಗಲೂ ಸೂಚನೆಗಳಿವೆ. ಹ್ಯಾಂಡಲ್ಲು ತಾನಾಗಿಯೇ ಒಂದು ಕಡೆಗೆ ಎಳೆಯುತ್ತದೆ, ತಿರುವಿನಲ್ಲಿ ಟೈರು ಮಡಿಸಿಕೊಂಡಂತೆ ಜೋಲುತ್ತದೆ, ಕಲ್ಲು ಸಿಕ್ಕಾಗ ರಿಮ್ಮಿಗೆ ಟಣ್ ಎಂದು ಬಡಿಯುತ್ತದೆ. ಸೀಟಿನ ಮೇಲೆ ಕುಳಿತಾಗ ಟೈರಿನ ಬದಿಯಲ್ಲಿ ಸಣ್ಣ ಸುಕ್ಕು ಬೀಳುವುದು ಮೆದು ಹಿಮಕ್ಕೆ ಸರಿ, ಆದರೆ ಆ ಸುಕ್ಕು ದೊಡ್ಡ ಮಡಿಕೆಯಾಗಿದ್ದರೆ ಒಂದು ಪಿಎಸ್‌ಐ ತುಂಬಿಸಬೇಕು.

ಟ್ಯೂಬು ಇರುವ ಸೈಕಲ್ಲುಗಳಲ್ಲಿ ಇನ್ನೊಂದು ಅಪಾಯವಿದ್ದು, ಇದನ್ನು ಗಮನಿಸುವವರು ಕಡಿಮೆ. ಒತ್ತಡ ತೀರ ಕಡಿಮೆಯಾದಾಗ ಟೈರು ರಿಮ್ಮಿನ ಮೇಲೆ ಸ್ವಲ್ಪ ಸ್ವಲ್ಪವೇ ಜರುಗುತ್ತದೆ, ಒಳಗಿನ ಟ್ಯೂಬನ್ನೂ ಜೊತೆಗೆ ಎಳೆಯುತ್ತದೆ, ನೆಟ್ಟಗಿರಬೇಕಾದ ವಾಲ್ವು ಓರೆಯಾಗುತ್ತದೆ, ಕೊನೆಗೆ ವಾಲ್ವಿನ ಬುಡವೇ ಹರಿಯುತ್ತದೆ. ಅಂಥ ಟ್ಯೂಬಿಗೆ ಪಂಕ್ಚರ್ ಹಾಕಲು ಬರುವುದಿಲ್ಲ. ಟೈರು ಮತ್ತು ರಿಮ್ಮಿಗೆ ಅಡ್ಡಲಾಗಿ ಮಾರ್ಕರ್ ಪೆನ್ನಿನಲ್ಲಿ ಒಂದೇ ಗೆರೆ ಎಳೆದಿಡಿ. ಸವಾರಿಯ ನಂತರ ಗೆರೆಯ ಎರಡು ತುಂಡುಗಳು ಬೇರೆಯಾಗಿ ಕಂಡರೆ ಟೈರು ಜರುಗಿದೆ ಎಂದೇ ಅರ್ಥ, ಪೂರ್ತಿ ಗಾಳಿ ಬಿಟ್ಟು ಟೈರನ್ನು ಮತ್ತೆ ಕೂರಿಸಬೇಕು.

ಚಳಿಯ ಲೆಕ್ಕವನ್ನೂ ಈಗಲೇ ತಿಳಿದಿರುವುದು ಒಳ್ಳೆಯದು. ಸುಮಾರು 2,000 ಮೀಟರ್ ಎತ್ತರದ ಊರಿನಲ್ಲಿ, 20 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರುವ ಕೋಣೆಯಲ್ಲಿ 6 ಪಿಎಸ್‌ಐ ತುಂಬಿಸಿ, ಸೊನ್ನೆಗಿಂತ 5 ಡಿಗ್ರಿ ಕೆಳಗಿರುವ ಹೊರಗಿನ ಚಳಿಗೆ ತಂದರೆ, ಯಾವ ತೂತೂ ಇಲ್ಲದೆ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ. ಕಾರಿನ ಟೈರಿನಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ, ಫ್ಯಾಟ್ ಟೈರಿನಲ್ಲಿ ಇದು ಒಟ್ಟು ಒತ್ತಡದ ಕಾಲು ಭಾಗ. ಆದ್ದರಿಂದ ಸೈಕಲ್ಲನ್ನು ಹೊರಗೆ ಇಪ್ಪತ್ತು ನಿಮಿಷ ನಿಲ್ಲಿಸಿ, ಟೈರು ತಣ್ಣಗಾದ ಮೇಲೆಯೇ ಅಳೆಯಬೇಕು.

ಹಂತ 4: ನಾಲೆ ಏರಿ, ಆಮೇಲೆ ಮರಳು

ಮೊದಲ ಅಭ್ಯಾಸಕ್ಕೆ ವಿ.ಸಿ. ನಾಲೆಯ ಏರಿಯಂಥ ಮಣ್ಣಿನ ಹಾದಿಗಳು ಹೇಳಿ ಮಾಡಿಸಿದಂತಿವೆ. ಕಬ್ಬು ಹೊತ್ತ ಗಾಡಿ, ಟ್ರ್ಯಾಕ್ಟರುಗಳು ಓಡಾಡಿ ಬಿದ್ದ ಜಾಡು, ನಡುವೆ ಹುಲ್ಲು, ಅಲ್ಲಲ್ಲಿ ಪುಡಿ ಮಣ್ಣು ಎಲ್ಲವೂ ಒಂದೇ ಹಾದಿಯಲ್ಲಿ ಸಿಗುತ್ತವೆ. ಹಿಮದ ಹಾದಿಯಲ್ಲಿಯೂ ಜನ, ಗಾಡಿಗಳು ತುಳಿದ ಕಿರಿದಾದ ಜಾಡಿನಿಂದ ಹೊರಗೆ ಜಾರಿದರೆ ಸೈಕಲ್ಲು ಹೂಳುತ್ತದೆ. ಆದ್ದರಿಂದ ಒಂದು ಅಡಿ ಅಗಲದ ಟ್ರ್ಯಾಕ್ಟರ್ ಜಾಡಿನೊಳಗೆ ಅರ್ಧ ಕಿಲೋಮೀಟರು ಹೊರಬೀಳದೆ ಹೋಗುವುದನ್ನು ಕಲಿಯಿರಿ. ನಾಲೆಗೆ ನೀರು ಬಿಟ್ಟಿರುವಾಗ ನೀರಿನ ಬದಿಯ ಅಂಚಿಗೆ ಹೋಗಲೇಬಾರದು, ಅನೇಕ ಕಡೆ ತಡೆಗೋಡೆ ಇಲ್ಲ, ಬಿದ್ದರೆ ಹತ್ತಲು ಹಿಡಿತವೂ ಇಲ್ಲ. ಮುಸ್ಸಂಜೆಯ ನಂತರ ಏರಿಯ ಮೇಲೆ ಅಭ್ಯಾಸ ಬೇಡ.

ಎರಡು ವಾರದ ನಂತರ ಮರಳಿಗೆ ಹೋಗಿ. ತಿ. ನರಸೀಪುರ, ತಲಕಾಡು ಕಡೆ ಬೇಸಿಗೆ ಹತ್ತಿರವಾದಂತೆ ಕಾವೇರಿಯ ದಂಡೆಯಲ್ಲಿ ಮರಳು ತೆರೆದುಕೊಳ್ಳುತ್ತದೆ. ತಲಕಾಡಿನಲ್ಲಿ ಗುಡಿಗಳ ಸುತ್ತ ಇರುವ, ಉತ್ಖನನ ನಡೆದಿರುವ ಮರಳುದಿಬ್ಬಗಳ ಮೇಲೆ ಸೈಕಲ್ಲು ಇಳಿಸಬಾರದು, ದಂಡೆಯ ಮರಳೇ ಸಾಕು. ನೀರಿಗಿಳಿಯುವುದೂ ಬೇಡ, ಅಲ್ಲಿನ ಸುಳಿ ಮೇಲಿನಿಂದ ನೋಡಿದರೆ ತಿಳಿಯುವುದಿಲ್ಲ. ಒಣ ಮರಳು ಮೆದು ಹಿಮಕ್ಕೆ ತಕ್ಕಮಟ್ಟಿಗೆ ಸಮ, ಎರಡರಲ್ಲೂ ಮುಂದಿನ ಚಕ್ರ ನೇಗಿಲಿನಂತೆ ಉಳುತ್ತದೆ. ಕೆಸರು ಮಾತ್ರ ಬೇರೆಯೇ ಜಾತಿ. ಗದ್ದೆಯ ಕೆಸರಿನಲ್ಲಿ ಅಭ್ಯಾಸ ಮಾಡಿದರೆ ಟೈರಿಗೂ ಫೋರ್ಕಿಗೂ ಮಣ್ಣು ಮೆತ್ತಿಕೊಳ್ಳುವುದನ್ನು ಬಿಟ್ಟು ಬೇರೇನೂ ಸಿಗುವುದಿಲ್ಲ.

ಮರಳಿನಲ್ಲಿ ಕಲಿಯಬೇಕಾದ ಸಂಗತಿಗಳು ನಾಲ್ಕು. ಹಗುರ ಗೇರು ಹಾಕಿ ಕುಳಿತೇ ತುಳಿಯಬೇಕು; ಎದ್ದು ನಿಂತ ಕ್ಷಣವೇ ಹಿಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗಿ ಅದು ಸುತ್ತತೊಡಗುತ್ತದೆ. ಪೆಡಲಿನ ಮೇಲೆ ಒತ್ತು ಒಂದೇ ಸಮ ಇರಬೇಕು, ಕುಟ್ಟಿ ಕುಟ್ಟಿ ತುಳಿಯಬಾರದು. ಹ್ಯಾಂಡಲ್ಲನ್ನು ಸಡಿಲವಾಗಿ ಹಿಡಿದು, ಚಕ್ರ ಸ್ವಲ್ಪ ಅತ್ತಿತ್ತ ಹರಿದಾಡಲು ಬಿಟ್ಟು, ಹತ್ತು ಮೀಟರು ಮುಂದೆ ನೋಡಬೇಕು. ಮುಂದಿನ ಬ್ರೇಕನ್ನು ಮೆದು ನೆಲದಲ್ಲಿ ಹಿಡಿಯಬಾರದು, ಹಿಂದಿನ ಬ್ರೇಕಿನಿಂದ ಮೊದಲೇ, ಮೆಲ್ಲಗೆ ವೇಗ ಇಳಿಸಬೇಕು. ನಾಲ್ಕರಲ್ಲಿ ಸಡಿಲ ಹಿಡಿತವೇ ಹೊಸಬರಿಗೆ ಕಷ್ಟ, ಏಕೆಂದರೆ ಸೈಕಲ್ಲು ಓಲಾಡಿದಾಗ ಕೈ ತಾನಾಗಿಯೇ ಬಿಗಿಯುತ್ತದೆ. ಒತ್ತಡ ಸರಿಯಿದ್ದೂ ಪದೇ ಪದೇ ಬೀಳುತ್ತಿದ್ದರೆ ಮೊಣಕೈ ನೆಟ್ಟಗಿದೆಯೇ ಎಂದು ಪಕ್ಕದವರಿಂದ ನೋಡಿಸಿ.

ಹಂತ 5: ಬಟ್ಟೆ

ಮೈಸೂರಿನ ಜನವರಿ ಬೆಳಗಿನ ಚಳಿ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನದು, ಅದಕ್ಕೇ ನಾವು ಮಂಕಿ ಕ್ಯಾಪು ಹುಡುಕುತ್ತೇವೆ. ಹಿಮದ ಊರಿಗೆ ಹೊರಟಾಗ ಈ ಭಯದಿಂದಲೇ ದಪ್ಪ ಜಾಕೆಟ್ಟು, ಒಳಗೆ ಹತ್ತಿಯ ಬನಿಯನ್ನು, ಅದರ ಮೇಲೆ ಸ್ವೆಟರು ಹಾಕಿಕೊಳ್ಳುವುದು ಸಾಮಾನ್ಯ. ಫ್ಯಾಟ್ ಬೈಕು ತುಳಿಯುವುದು ಬೆವರು ಸುರಿಸುವ ಕೆಲಸ. ಹತ್ತಿ ಆ ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ನಿಂತ ಐದೇ ನಿಮಿಷದಲ್ಲಿ ಬೆನ್ನು ತಣ್ಣಗಾಗುತ್ತದೆ. ಹತ್ತಿಯ ಬನಿಯನ್ನು, ಜೀನ್ಸು ಎರಡನ್ನೂ ಮನೆಯಲ್ಲೇ ಬಿಡಿ.

ಮೈಗೆ ಅಂಟುವಂತೆ ಉಣ್ಣೆಯ ಅಥವಾ ಪಾಲಿಯೆಸ್ಟರಿನ ತೆಳು ಒಳ ಅಂಗಿ, ಅದರ ಮೇಲೆ ಫ್ಲೀಸು, ಎಲ್ಲಕ್ಕೂ ಮೇಲೆ ಗಾಳಿ ತಡೆಯುವ ತೆಳು ಜಾಕೆಟ್ಟು ಎಂಬ ಮೂರು ಪದರ ಸಾಕು. ದಪ್ಪ ಜಾಕೆಟ್ಟನ್ನು ಚೀಲದಲ್ಲಿಟ್ಟುಕೊಂಡು ನಿಂತಾಗ ಮಾತ್ರ ಹಾಕಿಕೊಳ್ಳಬೇಕು. ಹೊರಡುವಾಗ ಸ್ವಲ್ಪ ಚಳಿಯೆನಿಸಬೇಕು. ಬಾಗಿಲಲ್ಲೇ ಬೆಚ್ಚಗಿದ್ದರೆ ಹತ್ತು ನಿಮಿಷಕ್ಕೆ ಬೆವರುತ್ತೀರಿ ಎಂದು ತಿಳಿಯಿರಿ.

ಕೈಗೆ ಒಳಗೊಂದು ತೆಳು ಗ್ಲೌಸು, ಮೇಲೊಂದು ಗಾಳಿ ತಡೆಯುವ ಗ್ಲೌಸು ಬೇಕು. ಹ್ಯಾಂಡಲ್ಲಿಗೇ ಕಟ್ಟಿ ಕೈಯನ್ನು ಒಳಗೆ ತೂರಿಸುವ ದೊಡ್ಡ ಹೊದಿಕೆಗಳೂ ಇವೆ, ಸಿಕ್ಕರೆ ಅವೇ ಅತ್ಯುತ್ತಮ, ಒಳಗೆ ತೆಳು ಗ್ಲೌಸು ಇದ್ದರೂ ನಡೆಯುತ್ತದೆ. ಬೂಟು ಒಂದು ಅಳತೆ ದೊಡ್ಡದಿರಲಿ. ಬಿಗಿಯಾದ ಬೂಟಿನೊಳಗೆ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತ ಓಡದೆ ಬೆರಳು ಇನ್ನೂ ಬೇಗ ತಣ್ಣಗಾಗುತ್ತದೆ. ಮಂಕಿ ಕ್ಯಾಪು ದಪ್ಪವಾದ್ದರಿಂದ ಹೆಲ್ಮೆಟ್ಟು ತಲೆಯ ಮೇಲೆ ಕೂರುವುದಿಲ್ಲ, ಕಿವಿ ಮುಚ್ಚುವ ತೆಳು ಟೊಪ್ಪಿಗೆ ಸಾಕು. ತಂಪು ಕನ್ನಡಕ ಶೋಕಿಗಲ್ಲ. ಬಿಳಿ ಹಿಮದಿಂದ ಪ್ರತಿಫಲಿಸುವ ಬಿಸಿಲಿನ ಅತಿನೇರಳೆ ಕಿರಣಗಳಿಗೆ ಕಣ್ಣು ಉರಿದು, ಕೆಲವು ಗಂಟೆಗಳ ಬಳಿಕ ತೆರೆಯಲಾರದಷ್ಟು ನೋಯುತ್ತದೆ.

ಈ ಎಲ್ಲವನ್ನೂ ಮೊದಲು ಊರಿನಲ್ಲಿ ತೊಟ್ಟು ನೋಡಿ. ಬೆಳಗಿನ ಜಾವ ಎರಡು ಗ್ಲೌಸು ಹಾಕಿಕೊಂಡೇ ವಾಲ್ವಿನ ಮುಚ್ಚಳ ತೆಗೆಯಲು, ಗಾಳಿ ಅಳೆಯಲು, ಜಿಪ್ಪು ಎಳೆಯಲು ಬರುತ್ತದೆಯೇ ಎಂದು ಪರೀಕ್ಷಿಸಿ. ಬರದಿದ್ದರೆ ಜಿಪ್ಪುಗಳಿಗೆ ಉದ್ದ ದಾರ ಕಟ್ಟಿ.

ಹಂತ 6: ಜಾಗ, ಕಾಲ, ಪ್ರಯಾಣ

ಹಿಮಾಚಲದ ಮನಾಲಿ, ಸೋಲಂಗ್ ಕಡೆ ಜನವರಿ, ಫೆಬ್ರವರಿಗಳಲ್ಲಿ ಹಿಮ ಸಿಗುವ ಸಾಧ್ಯತೆ ಹೆಚ್ಚು. 2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಚಳಿಗಾಲದಲ್ಲಿ ಲಾಹೌಲ್ ಕಣಿವೆಯ ಸಿಸ್ಸು ಕೂಡ ತಲುಪುವಂತಾಗಿದೆ, ಭಾರಿ ಹಿಮ ಬಿದ್ದ ದಿನಗಳಲ್ಲಿ ರಸ್ತೆ ಮುಚ್ಚುವುದುಂಟು. ಮೊದಲ ಸಲ ಹೋಗುವವರು ಲೇಹ್ ಅಥವಾ ಸ್ಪಿತಿಯನ್ನು ಆರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಸುಮಾರು 770 ಮೀಟರಿನ ಮೈಸೂರಿನಿಂದ ವಿಮಾನದಲ್ಲಿ ಹೋಗಿ ಇಳಿದವರಿಗೆ ಮೊದಲ ಎರಡು ದಿನ ಬರೀ ವಿಶ್ರಾಂತಿ ಬೇಕು. ಎತ್ತರ, ಚಳಿ, ಹೊಸ ಸವಾರಿ ಮೂರನ್ನೂ ಒಟ್ಟಿಗೆ ಎದುರಿಸುವ ಅಗತ್ಯವಿಲ್ಲ.

ಸೈಕಲ್ಲನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿ ರೈಲಿನ ಪಾರ್ಸೆಲ್ಲಿನಲ್ಲಿ ಕಳಿಸಬಹುದು. ಫ್ಯಾಟ್ ಟೈರು ಸಾಮಾನ್ಯ ಸೈಕಲ್ ಪೆಟ್ಟಿಗೆಗೆ ಹಿಡಿಯುವುದಿಲ್ಲವಾದ್ದರಿಂದ ಗಾಳಿ ಬಿಟ್ಟು, ಎರಡೂ ಚಕ್ರ ತೆಗೆದು ಅಳತೆ ನೋಡಿ. ಅಲ್ಲಿಯೇ ಬಾಡಿಗೆಗೆ ಪಡೆಯುವ ಯೋಚನೆಯಿದ್ದರೆ ಟೈರಿನ ಅಗಲ ಎಷ್ಟು, ಚೌಕಟ್ಟಿನ ಅಳತೆ ಯಾವುದು ಎಂದು ಮೊದಲೇ ಫೋನಿನಲ್ಲಿ ಕೇಳಿ, ಟೈರಿನ ಬದಿಯ ಫೋಟೋ ತರಿಸಿಕೊಳ್ಳಿ. ನಿಮ್ಮ ಗೇಜನ್ನಂತೂ ಜೊತೆಗೆ ಒಯ್ಯಲೇಬೇಕು.

ಹಂತ 7: ಹಿಮವನ್ನು ಓದುವುದು

ಸೈಕಲ್ಲು ಹತ್ತುವ ಮೊದಲು ಹಾದಿಯಲ್ಲಿ ನೂರು ಹೆಜ್ಜೆ ನಡೆಯಿರಿ. ಬೂಟಿನ ಗುರುತು ಮಾತ್ರ ಬಿದ್ದು ಪಾದ ಮುಳುಗದಿದ್ದರೆ ಆ ಹಿಮ ಸವಾರಿಗೆ ಹದವಾಗಿದೆ. ಕಣಕಾಲಿನವರೆಗೆ ಹೂತುಹೋದರೆ ಯಾವ ಒತ್ತಡದಲ್ಲೂ ಹೊಸಬರಿಂದ ಆಗುವುದಿಲ್ಲ, ಆ ದಿನವನ್ನು ಬಿಡಿ. ಬೆಳಗಿನ ಚಳಿಯಲ್ಲಿ ಗಟ್ಟಿಯಾಗಿದ್ದ ಹಾದಿ ಬಿಸಿಲೇರಿದಂತೆ ಮೆತ್ತಗಾಗಿ, ಮಧ್ಯಾಹ್ನದ ಹೊತ್ತಿಗೆ ಕೊಚ್ಚೆಯಂತಾಗುತ್ತದೆ. ಆದ್ದರಿಂದ ಬೆಳಕು ಹರಿದ ಮೇಲೆ ಹೊರಟು, ಹತ್ತೂವರೆ, ಹನ್ನೊಂದರೊಳಗೆ ಮುಗಿಸುವಂತೆ ಲೆಕ್ಕ ಹಾಕಿ.

ಜಾಡಿನ ಆಳವೂ ಒಂದು ಅಳತೆ. ನಿಮ್ಮ ಟೈರು ಒಂದು ಇಂಚಿಗಿಂತ ಆಳವಾದ ಗೀರು ಬಿಡುತ್ತಿದ್ದರೆ ಮೊದಲು ಗಾಳಿ ಇಳಿಸಿ, ಆಮೇಲೂ ಹಾಗೆಯೇ ಆದರೆ ಇಳಿದು ನಡೆಯಿರಿ. ಆ ಗೀರು ರಾತ್ರಿ ಹೆಪ್ಪುಗಟ್ಟಿ ಮರುದಿನ ನಡೆದು ಬರುವ ಊರಿನವರ ಕಾಲು ಉಳುಕಿಸುತ್ತದೆ. ಸ್ಕೀ ಆಡುವ ಇಳಿಜಾರುಗಳಲ್ಲಿ ಅನುಮತಿಯಿಲ್ಲದೆ ಸೈಕಲ್ಲು ಓಡಿಸಬಾರದು.

ಹೊಳೆಯುವ, ನೀಲಿ ಅಥವಾ ಕಪ್ಪಾಗಿ ಕಾಣುವ ಜಾಗ ಗಾಜಿನಂಥ ಮಂಜುಗಡ್ಡೆ. ಅಗಲವಾದ ಟೈರಿನಿಂದ ಅಲ್ಲಿ ಯಾವ ಪ್ರಯೋಜನವೂ ಇಲ್ಲ, ಉಕ್ಕಿನ ಮೊಳೆ ಕೂರಿಸಿದ ಟೈರು ಮಾತ್ರ ಹಿಡಿಯುತ್ತದೆ. ಅಂಥ ಟೈರು ಇಲ್ಲದವರು ಇಳಿದು ದಾಟಬೇಕು. ಡಾಂಬರು ರಸ್ತೆಯ ಮೇಲೆ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ ಇನ್ನೂ ಕೆಟ್ಟದ್ದು, ಅಲ್ಲಿ ಕಾರುಗಳೂ ಜಾರುತ್ತಿರುತ್ತವೆ. ಬೆಳಗಿನ ಹೊತ್ತು ಹೆದ್ದಾರಿಯಲ್ಲಿ ಸವಾರಿ ಬೇಡ.

ಹಿಮಕುಸಿತ ಹೆಚ್ಚಾಗಿ 30ರಿಂದ 45 ಡಿಗ್ರಿ ಓರೆಯಿರುವ ಇಳಿಜಾರುಗಳಲ್ಲಿ ಆಗುತ್ತದೆ. ನೀವು ಹೋಗುವ ಹಾದಿ ಸಮತಟ್ಟಾಗಿದ್ದರೂ ಅದರ ಮೇಲೆ ಅಂಥ ಇಳಿಜಾರು ಬಾಗಿ ನಿಂತಿದ್ದರೆ ಅಪಾಯ ನಿಮ್ಮದೇ. ಭಾರಿ ಹಿಮ ಬಿದ್ದ ನಂತರದ ಒಂದೆರಡು ದಿನ ಕಣಿವೆಯ ಬಯಲಿನಿಂದ ಆಚೆ ಹೋಗಬೇಡಿ. ರಕ್ಷಣಾ ಸಂಶೋಧನೆಯ ಡಿಜಿಆರ್‌ಇ ಸಂಸ್ಥೆ ಹಿಮಾಲಯದ ಪ್ರದೇಶಗಳಿಗೆ ಹಿಮಕುಸಿತದ ಮುನ್ನೆಚ್ಚರಿಕೆ ನೀಡುತ್ತದೆ, ಅದನ್ನು ನೋಡಿ, ಜೊತೆಗೆ ಆ ಊರಿನ ಗೈಡನ್ನು ಕೇಳಿಯೇ ಹೊರಡಿ.

ಹಂತ 8: ಮೊದಲ ಸವಾರಿ

ಮೊದಲ ದಿನ ಒಟ್ಟು ಮೂರು ಕಿಲೋಮೀಟರಿಗಿಂತ ಹೆಚ್ಚು ಬೇಡ, ಅದೂ ಉಳಿದುಕೊಂಡ ಜಾಗದ ಆಸುಪಾಸಿನಲ್ಲೇ. ಹಿಮದಲ್ಲಿ ಮೂರು ಕಿಲೋಮೀಟರು ನಮ್ಮ ನಾಲೆ ಏರಿಯ ಹತ್ತಕ್ಕಿಂತ ಹೆಚ್ಚು ದಣಿಸಬಹುದು. 8 ಪಿಎಸ್‌ಐನಿಂದ ಆರಂಭಿಸಿ, ಐವತ್ತು ಮೀಟರಿಗೊಮ್ಮೆ ಜಾಡನ್ನು ನೋಡುತ್ತಾ, ಹಂತ 3ರಲ್ಲಿ ಕಲಿತಂತೆ ಅರ್ಧರ್ಧ ಪಿಎಸ್‌ಐ ಇಳಿಸಿ. ಹೊಸಬರು ನಾಚಿಕೊಂಡು ಇಳಿಸದೇ ಹೋಗುವುದೇ ಹೆಚ್ಚು: ಟೈರು ಪಂಕ್ಚರ್ ಆದಂತೆ ಕಾಣುತ್ತದೆ ಎಂಬ ಸಂಕೋಚ.

ಮೆದು ಹಿಮದಲ್ಲಿ ನಿಂತುಹೋದರೆ ಅಲ್ಲಿಂದಲೇ ಹೊರಡಲು ಹೆಣಗಬಾರದು, ಹಿಂದಿನ ಚಕ್ರ ಗುಂಡಿ ತೋಡುತ್ತದೆ. ಸೈಕಲ್ಲನ್ನು ಎತ್ತಿ ಗಟ್ಟಿ ಜಾಗಕ್ಕೆ ತಂದು, ಹೊರಡುವ ದಿಕ್ಕಿನಲ್ಲಿ ಎರಡು ಮೂರು ಮೀಟರು ಹಿಮವನ್ನು ಬೂಟಿನಿಂದ ತುಳಿದು ಗಟ್ಟಿ ಮಾಡಿ, ಒಂದು ಪೆಡಲನ್ನು ಮೇಲಕ್ಕೆ ಇಟ್ಟು, ಕುಳಿತು, ಒಂದೇ ಸಮ ಒತ್ತಿನಿಂದ ಹೊರಡಿ. ಇಳಿಯುವಾಗ ಜಾಡಿನ ಮೇಲೆಯೇ ಕಾಲಿಡಬೇಕು. ಜಾಡಿನ ಪಕ್ಕದಲ್ಲಿ ಗಟ್ಟಿಯಾಗಿ ಕಂಡದ್ದು ತೊಡೆಯವರೆಗಿನ ಪುಡಿ ಹಿಮವಾಗಿರಬಹುದು.

ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡಿ. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಮುಚ್ಚಳದ ಕಡೆ ದ್ರವವಾಗಿಯೇ ಉಳಿಯುತ್ತದೆ. ನಳಿಕೆಯಿಂದ ಹೀರುವ ಚೀಲಗಳ ನಳಿಕೆ ಬೇಗನೆ ಕಟ್ಟಿಕೊಳ್ಳುತ್ತದೆ. ತಿನ್ನುವುದಕ್ಕೆ ಮಂಡ್ಯದ ಬೆಲ್ಲ, ಕಡಲೆಮಿಠಾಯಿ ಒಳ್ಳೆಯವು, ಆದರೆ ಚಳಿಗೆ ಹಲ್ಲು ಮುರಿಯುವಷ್ಟು ಗಟ್ಟಿಯಾಗುತ್ತವೆ, ಮೊದಲೇ ಚೂರು ಮಾಡಿ ಒಳ ಜೇಬಿನಲ್ಲಿಡಿ. ಫೋನನ್ನೂ ಅಲ್ಲೇ, ಮೈಯ ಬಿಸಿ ತಾಗುವಂತೆ ಇಡಬೇಕು, ಇಲ್ಲವಾದರೆ ಬ್ಯಾಟರಿ ಬೇಗನೆ ಇಳಿದು ಫೋನು ಆರಿಹೋಗಬಹುದು.

ಹಂತ 9: ಹಿಂದಿರುಗಬೇಕಾದ ಸೂಚನೆಗಳು

ಬೆರಳು ಚುಚ್ಚಿದಂತಾಗುವುದು ಎಚ್ಚರಿಕೆ, ಚುಚ್ಚುವುದು ನಿಂತು ಮರಗಟ್ಟುವುದು ಅಪಾಯ. ಚರ್ಮ ಬಿಳಿಚಿ ಅಥವಾ ಬೂದು ಬಣ್ಣಕ್ಕೆ ತಿರುಗಿ ಮೇಣದಂತೆ ಕಂಡರೆ ಅದು ಹಿಮಕಡಿತದ ಆರಂಭ. ಕೈಯನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಂಡು ತಕ್ಷಣ ಹಿಂದಿರುಗಿ. ತಿಕ್ಕಬಾರದು, ಹಿಮದಿಂದ ಉಜ್ಜಬಾರದು, ಬೆಂಕಿಗೆ ನೇರವಾಗಿ ಹಿಡಿಯಬಾರದು. ಹಾದಿಯಲ್ಲಿ ಮತ್ತೆ ಹೆಪ್ಪುಗಟ್ಟುವ ಸಂಭವವಿದ್ದರೆ ಆಳವಾಗಿ ಮರಗಟ್ಟಿದ ಭಾಗವನ್ನು ಅಲ್ಲಿಯೇ ಕರಗಿಸಲೂ ಬಾರದು, ಆಸ್ಪತ್ರೆಗೆ ಒಯ್ಯಬೇಕು.

ಜೊತೆಗಾರರು ತಡೆಯಲಾರದೆ ನಡುಗುವುದು, ಮಾತು ತೊದಲುವುದು, ಜಿಪ್ಪು ಎಳೆಯಲಾಗದೆ ತಡಕಾಡುವುದು, ನಡೆಯುವಾಗ ಎಡವುವುದು ದೇಹದ ಉಷ್ಣತೆ 35 ಡಿಗ್ರಿಗಿಂತ ಇಳಿಯುತ್ತಿರುವ ಲಕ್ಷಣ. ನಡುಕ ನಿಂತರೆ ಸುಧಾರಿಸಿದರು ಎಂದು ತಿಳಿಯಬಾರದು, ಅದು ಇನ್ನೂ ಕೆಟ್ಟ ಸೂಚನೆ. ಒದ್ದೆ ಬಟ್ಟೆ ತೆಗೆಸಿ, ಒಣ ಬಟ್ಟೆ ಮತ್ತು ಚೀಲದಲ್ಲಿಟ್ಟ ದಪ್ಪ ಜಾಕೆಟ್ಟು ಹಾಕಿಸಿ, ಗಾಳಿಯಿಂದ ಮರೆ ಮಾಡಿ, ಎಚ್ಚರವಿದ್ದು ನುಂಗಬಲ್ಲವರಾದರೆ ಬಿಸಿಯಾದ ಸಿಹಿ ಪಾನೀಯ ಕೊಟ್ಟು ಸಹಾಯ ಕರೆಸಿ. ಮದ್ಯ ಕೊಡಲೇಬಾರದು, ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ಬಿಡುತ್ತದೆ. ಈ ಕಾರಣಕ್ಕಾಗಿಯೇ ಒಬ್ಬರೇ ಹೋಗಬಾರದು, ಏಕೆಂದರೆ ತೊದಲುವವನಿಗೆ ತಾನು ತೊದಲುತ್ತಿರುವುದು ತಿಳಿಯುವುದಿಲ್ಲ.

ತಲೆನೋವು, ವಾಕರಿಕೆ, ಊಟ ಸೇರದಿರುವುದು ಎತ್ತರದಿಂದ ಬಂದಿರಬಹುದು. ಆ ದಿನ ಇನ್ನೂ ಮೇಲಕ್ಕೆ ಹೋಗಬೇಡಿ, ಕಡಿಮೆಯಾಗದಿದ್ದರೆ ಕೆಳಗಿನ ಊರಿಗೆ ಇಳಿಯಿರಿ.

ಹಂತ 10: ಸವಾರಿಯ ನಂತರ

ಕೋಣೆಗೆ ಬಂದ ಕೂಡಲೇ ಮೊದಲು ಒಳ ಅಂಗಿ ಬದಲಿಸಿ, ಆಮೇಲೆ ಸೈಕಲ್ಲು. ಚೌಕಟ್ಟು ಮತ್ತು ಹಲ್ಲುಚಕ್ರಗಳಿಗೆ ಮೆತ್ತಿದ ಹಿಮವನ್ನು ಒಣ ಬ್ರಷ್ಷಿನಿಂದ ಹೊರಗೇ ಉದುರಿಸಿ. ಒಳಗೆ ತಂದು ಕರಗಲು ಬಿಟ್ಟು ಮರುದಿನ ಹಾಗೆಯೇ ಚಳಿಗೆ ಒಯ್ದರೆ ಆ ನೀರು ತಂತಿ, ಫ್ರೀವೀಲುಗಳಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ಒಳಗೆ ತರಲೇಬೇಕಾದರೆ ಪೂರ್ತಿ ಒಣಗುವಂತೆ ಒರೆಸಿ, ಸರಪಳಿಗೆ ಎಣ್ಣೆ ಹಾಕಿ. ಬ್ರೇಕಿನ ಡಿಸ್ಕಿಗೆ ಎಣ್ಣೆ ಸಿಡಿಯದಂತೆ ಬಟ್ಟೆ ಅಡ್ಡ ಹಿಡಿಯಿರಿ. ರಿಮ್ಮಿನ ಮೇಲಿನ ಮಾರ್ಕರ್ ಗೆರೆಯನ್ನೂ ನೋಡಿ.

ಊರಿಗೆ ಮರಳಿದ ವಾರದೊಳಗೆ ಎರಡೂ ಹಬ್ಬು ಮತ್ತು ಪೆಡಲಿನ ನಡುಭಾಗದ ಬೇರಿಂಗುಗಳನ್ನು ಬಿಚ್ಚಿಸಿ ನೋಡಿಸಬೇಕು. ಗ್ರೀಸು ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ, ಪೂರ್ತಿ ತೊಳೆಸಿ ಹೊಸದಾಗಿ ತುಂಬಿಸಿ. ನಮ್ಮ ಹವೆಗೆ ತೆಳು ಎಣ್ಣೆ ಬೇಗ ಹರಿದುಹೋಗುವುದರಿಂದ ಫ್ರೀವೀಲಿಗೆ ಮತ್ತೆ ಮಾಮೂಲಿ ಗ್ರೀಸನ್ನೇ ಹಾಕಿಸಿ. ಡಾಂಬರಿಗೆ ಇಳಿಸುವ ಮೊದಲು ಟೈರಿನ ಗಾಳಿಯನ್ನು 15 ಪಿಎಸ್‌ಐಗೆ ಏರಿಸುವುದನ್ನು ಮರೆತರೆ ಮೊದಲ ರಸ್ತೆ ಉಬ್ಬಿನಲ್ಲೇ ರಿಮ್ಮು ಪೆಟ್ಟು ತಿನ್ನುತ್ತದೆ.